ಲಂಡನ್ನಿನ ನ್ಯಾಷನಲ್ ಗ್ಯಾಲರಿ ನೋಡುವುದು ಹೇಗೆ: ಕಡಿಮೆ ಚಿತ್ರ, ಜಾಸ್ತಿ ಹೊತ್ತು

ಲಂಡನ್ನಿಗೆ ಹೋದವರು ಟ್ರಫಾಲ್ಗರ್ ಚೌಕಕ್ಕೆ ಹೋಗೇ ಹೋಗುತ್ತಾರೆ. ಸಿಂಹಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಚೌಕದ ಉತ್ತರಕ್ಕೆ ಉದ್ದಕ್ಕೂ ಚಾಚಿಕೊಂಡಿರುವ ಕಂಬಸಾಲಿನ ಕಟ್ಟಡವೇ ನ್ಯಾಷನಲ್ ಗ್ಯಾಲರಿ. ಸುಮಾರು 1250ರಿಂದ 1900ರ ಆಸುಪಾಸಿನವರೆಗಿನ ಯುರೋಪಿನ ಚಿತ್ರಕಲೆ ಇಲ್ಲಿದೆ. ಒಟ್ಟು 2,300ಕ್ಕೂ ಹೆಚ್ಚು ಚಿತ್ರಗಳು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ.

ದುಡ್ಡಿಲ್ಲ ಅಲ್ವಾ, ಒಂದು ಸುತ್ತು ಹಾಕಿ ಬರೋಣ ಅಂತ ಒಳಗೆ ಹೋಗುವವರು ಬಹಳ. ಕೋಣೆಯಿಂದ ಕೋಣೆಗೆ ನಡೆಯುತ್ತಾ ಹೋಗುತ್ತಾರೆ. ಎಲ್ಲ ಕಡೆ ಚಿನ್ನದ ಬಣ್ಣದ ಚೌಕಟ್ಟು, ಮೇರಿ, ಮಗು, ದೇವದೂತರು, ರಾಜರು. ಅರ್ಧ ಗಂಟೆಯಲ್ಲಿ ಕಾಲು ಸೋಲುತ್ತದೆ, ಮುಕ್ಕಾಲು ಗಂಟೆಯಲ್ಲಿ ಕಣ್ಣು ಸೋಲುತ್ತದೆ. ಹೊರಗೆ ಬಂದಾಗ ಒಂದು ಚಿತ್ರವೂ ಸರಿಯಾಗಿ ನೆನಪಿರುವುದಿಲ್ಲ. ಇಷ್ಟೊಂದು ಚಿತ್ರಗಳನ್ನು ಒಂದೇ ಸಲ ನೋಡಿ ನೆನಪಿಟ್ಟುಕೊಳ್ಳಲು ಯಾರಿಗೂ ಆಗದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಎಂಟೋ ಹತ್ತೋ ಚಿತ್ರ ಆರಿಸಿಕೊಳ್ಳಿ, ಅವುಗಳ ಮುಂದೆ ಚೆನ್ನಾಗಿ ನಿಲ್ಲಿ, ಮಿಕ್ಕಿದ್ದನ್ನು ಬಿಟ್ಟುಬಿಡಿ.

ಈ ಗ್ಯಾಲರಿಯ ಚರಿತ್ರೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಇಲ್ಲಿನ ಚಿತ್ರಗಳನ್ನು ಲಂಡನ್ನಿನಿಂದ ಹೊರಗೆ ಸಾಗಿಸಿದರು. 1941ರಲ್ಲಿ ಅವನ್ನೆಲ್ಲ ವೇಲ್ಸ್‌ನ ಮ್ಯಾನೋಡ್ ಎಂಬಲ್ಲಿ, ಬೆಟ್ಟದೊಳಗಿನ ಸ್ಲೇಟ್ ಗಣಿಯಲ್ಲಿ ಇಟ್ಟರು. ಗೋಡೆಗಳು ಖಾಲಿ. ಆ ಖಾಲಿ ಕಟ್ಟಡದಲ್ಲಿ ಪಿಯಾನೋ ಕಲಾವಿದೆ ಮೈರಾ ಹೆಸ್ ಮಧ್ಯಾಹ್ನದ ಸಂಗೀತ ಕಛೇರಿಗಳನ್ನು ನಡೆಸಿದರು. ಆದರೆ ಜನರಿಗೆ ಚಿತ್ರವೂ ಬೇಕಿತ್ತು. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ಗಣಿಯಿಂದ ತಂದು ತೂಗುಹಾಕಲು ಶುರುಮಾಡಿದರು. ಮೊದಲು ಬಂದದ್ದು ಇಟಲಿಯ ಕಲಾವಿದ ಟಿಶಿಯನ್‌ನ ‘ನೋಲಿ ಮೆ ಟಾಂಜೆರೆ’ (ನನ್ನನ್ನು ಮುಟ್ಟಬೇಡ). ಬಾಂಬ್ ಬಿದ್ದ ಊರಿನಲ್ಲಿ ಜನ ಆ ಒಂದು ಚಿತ್ರ ನೋಡಲೆಂದೇ ಬರುತ್ತಿದ್ದರು. ಒಂದು ಚಿತ್ರಕ್ಕಾಗಿ ಮ್ಯೂಸಿಯಂಗೆ ಹೋಗುವುದು ವಿಚಿತ್ರವೇನೂ ಅಲ್ಲ. ‘ತಿಂಗಳ ಚಿತ್ರ’ದ ಆ ರೂಢಿ ಇಂದಿಗೂ ಬೇರೆ ಬೇರೆ ರೂಪದಲ್ಲಿ ಉಳಿದಿದೆ.

ಮನೆಯಲ್ಲೇ ಶುರುಮಾಡಿ

ಹೋಗುವ ಮುಂಚೆ ಒಂದು ಸಂಜೆ ಗ್ಯಾಲರಿಯ ವೆಬ್‌ಸೈಟ್ ತೆರೆದು ಕೂತುಕೊಳ್ಳಿ. ಅಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಪುಟ ಇದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಬಹುದು. ಮುಖ್ಯವಾದ ವಿಷಯ, ಆ ಚಿತ್ರ ಈಗ ಯಾವ ಕೋಣೆಯಲ್ಲಿದೆ ಅಂತಲೂ ಅಲ್ಲೇ ಬರೆದಿರುತ್ತದೆ. ಇದನ್ನು ನೋಡದೆ ಹೋಗಬೇಡಿ. ಹೆಸರಾಂತ ಚಿತ್ರಗಳು ಬೇರೆ ಊರಿನ ಪ್ರದರ್ಶನಕ್ಕೆ ಎರವಲು ಹೋಗಿರುತ್ತವೆ, ಕೆಲವು ರಿಪೇರಿಗೆ ಹೋಗಿರುತ್ತವೆ. ವ್ಯಾನ್ ಗೋನ ‘ಸೂರ್ಯಕಾಂತಿ’ ನೋಡಲೆಂದೇ ಹೋಗಿ ಅದು ಅಲ್ಲಿಲ್ಲ ಅಂತ ಗೊತ್ತಾದರೆ ಬೇಜಾರಾಗುತ್ತದೆ. ಚಿತ್ರಗಳ ಜಾಗವೂ ಆಗಾಗ ಬದಲಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ನಾನು ಕೋಣೆಯ ಸಂಖ್ಯೆ ಕೊಟ್ಟಿಲ್ಲ. ಹೋಗುವ ದಿನ ಬೆಳಿಗ್ಗೆ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಆರಿಸುವಾಗ ಹೆಸರುವಾಸಿ ಚಿತ್ರಗಳನ್ನೇ ತುಂಬಿಕೊಳ್ಳಬೇಡಿ. ಐದು ಹೆಸರುವಾಸಿ ಇರಲಿ. ಮೂರು ನಿಮಗೆ ಸುಮ್ನೆ ಇಷ್ಟವಾದವು ಇರಲಿ. ಬಟ್ಟೆ ಇಷ್ಟಪಡುವವರು ರೇಷ್ಮೆಯನ್ನು ಚೆನ್ನಾಗಿ ಬರೆದ ಚಿತ್ರ ಹುಡುಕಲಿ. ದೋಣಿ, ಕುದುರೆ, ಹೂವು, ಮಳೆ, ಯಾವುದೇ ಆಗಲಿ. ಹೀಗೆ ಸ್ವಂತ ಆಸೆಯಿಂದ ಆರಿಸಿದ ಚಿತ್ರದ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ.

ಯಾವ ದಿನ, ಯಾವ ಹೊತ್ತು

ಗ್ಯಾಲರಿ ದಿನವೂ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಶುಕ್ರವಾರ ರಾತ್ರಿ 9ರವರೆಗೆ. ಡಿಸೆಂಬರ್ 24, 25, 26 ಮತ್ತು ಜನವರಿ 1 ರಜೆ. ಕ್ರಿಸ್ಮಸ್ ರಜೆಯಲ್ಲಿ ಪ್ರವಾಸ ಇಟ್ಟುಕೊಳ್ಳುವವರು ಇದನ್ನು ಗಮನಿಸಿ.

ನನ್ನ ಆಯ್ಕೆ ಶುಕ್ರವಾರ ಸಂಜೆ. ಶಾಲಾ ಮಕ್ಕಳ ಗುಂಪುಗಳು ಹೋಗಿರುತ್ತವೆ, ಪ್ರವಾಸಿ ಬಸ್ಸುಗಳ ಗದ್ದಲ ಇಳಿದಿರುತ್ತದೆ. ಆಗ ಆಗದಿದ್ದರೆ ವಾರದ ಮಧ್ಯದಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಳೆ ಬರುವ ಶನಿವಾರ ಮಧ್ಯಾಹ್ನ ಮಾತ್ರ ಬೇಡ. ಲಂಡನ್ನಿನ ಅರ್ಧ ಜನ ಒಳಗಿರುತ್ತಾರೆ.

ಪ್ರವೇಶ ಉಚಿತವಾದರೂ ವೆಬ್‌ಸೈಟಿನಲ್ಲಿ ಸಮಯ ಆರಿಸಿ ಉಚಿತ ಟಿಕೆಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಜನ ಜಾಸ್ತಿ ಇದ್ದಾಗ ಸಾಲಿನಲ್ಲಿ ಕಾಯುವುದು ಕಡಿಮೆಯಾಗುತ್ತದೆ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು ಕೊಡಬೇಕು. ಮೊದಲ ಸಲ ಹೋಗುವವರಿಗೆ ಅದರ ಅಗತ್ಯ ಇಲ್ಲ. ಗ್ಯಾಲರಿಯ ಸ್ವಂತ ಚಿತ್ರಗಳೇ ಬೇಕಾದಷ್ಟಿವೆ.

ತಲುಪುವುದು, ಬ್ಯಾಗು, ನೀರು

ಹತ್ತಿರದ ಭೂಗತ ರೈಲು ನಿಲ್ದಾಣಗಳು ಚೇರಿಂಗ್ ಕ್ರಾಸ್ ಮತ್ತು ಲೆಸ್ಟರ್ ಸ್ಕ್ವೇರ್. ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಡಿಲಿ ಲೈನ್ ಹಿಡಿದರೆ ನೇರ ಲೆಸ್ಟರ್ ಸ್ಕ್ವೇರ್‌ಗೆ ಬರಬಹುದು, ಎಲ್ಲೂ ಬದಲಿಸಬೇಕಿಲ್ಲ. ಟಿಕೆಟ್ ಕೊಳ್ಳುವ ಗೋಜಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಇದ್ದರೆ ಸಾಕು, ಹೋಗುವಾಗ ಒಮ್ಮೆ, ಇಳಿದು ಹೊರಬರುವಾಗ ಒಮ್ಮೆ ತಾಗಿಸಿ. ಒಬ್ಬರಿಗೆ ಒಂದು ಕಾರ್ಡ್ ಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗಲು ಆಗುವುದಿಲ್ಲ. ನಮ್ಮ ಬ್ಯಾಂಕ್ ಕಾರ್ಡಾದರೆ ವಿದೇಶದಲ್ಲಿ ಬಳಸುವ ಅನುಮತಿಯನ್ನು ಊರಲ್ಲೇ ಆನ್ ಮಾಡಿಕೊಂಡು ಹೋಗಿ. ದೊಡ್ಡವರ ಜೊತೆ ಬರುವ 11 ವರ್ಷದೊಳಗಿನ ಮಕ್ಕಳಿಗೆ ಈ ರೈಲಿನಲ್ಲಿ ಟಿಕೆಟ್ ಇಲ್ಲ.

ಚೌಕದಲ್ಲಿ ನಿಂತು ಗ್ಯಾಲರಿಗೆ ಮುಖ ಮಾಡಿದರೆ ಎಡಗಡೆ ಕೊನೆಯಲ್ಲಿ ಇರುವುದು ಸೇನ್ಸ್‌ಬರಿ ವಿಂಗ್. ಮುಖ್ಯ ಬಾಗಿಲು ಈಗ ಅಲ್ಲಿದೆ. 1991ರಲ್ಲಿ ಕಟ್ಟಿದ ಈ ಭಾಗವನ್ನು ಹೊಸದಾಗಿ ಮಾರ್ಪಡಿಸಿ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಕೆಲಸ ನಡೆಯುವಾಗ ಒಂದು ಸುಳ್ಳು ಕಂಬವನ್ನು ಒಡೆದರು. ಅದರೊಳಗೆ ಒಂದು ಪತ್ರ ಸಿಕ್ಕಿತು. ದುಡ್ಡು ಕೊಟ್ಟು ಈ ಕಟ್ಟಡ ಕಟ್ಟಿಸಿದವರಲ್ಲಿ ಒಬ್ಬರಾದ ಜಾನ್ ಸೇನ್ಸ್‌ಬರಿ 1990ರಲ್ಲೇ ಬರೆದು ಒಳಗೆ ಇಟ್ಟಿದ್ದರು: ಭಾರ ಹೊರದ ಈ ಕಂಬಗಳು ನನಗೆ ಇಷ್ಟವಿಲ್ಲ, ಮುಂದಿನವರು ಇವನ್ನು ತೆಗೆದರೆ ನನಗೆ ಸಂತೋಷ ಅನ್ನುವ ಅರ್ಥದ ಪತ್ರ.

ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. 2022ರಲ್ಲಿ ಮತ್ತು 2024ರಲ್ಲಿ ಪ್ರತಿಭಟನಾಕಾರರು ‘ಸೂರ್ಯಕಾಂತಿ’ಯ ಮೇಲೆ ಸೂಪ್ ಎರಚಿದರು. ಮುಂದೆ ಗಾಜಿದ್ದುದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ. ಅದಾದ ಮೇಲೆ 2024ರ ಅಕ್ಟೋಬರ್‌ನಲ್ಲಿ ಗ್ಯಾಲರಿ ದ್ರವ ಪದಾರ್ಥಗಳನ್ನು ನಿಷೇಧಿಸಿತು. ನೀರಿನ ಬಾಟಲಿ, ಜ್ಯೂಸ್, ಕಾಫಿ ಏನೂ ತರುವಂತಿಲ್ಲ. ಮಗುವಿನ ಹಾಲಿಗೆ, ವೈದ್ಯರು ಬರೆದುಕೊಟ್ಟ ಔಷಧಿಗೆ ಅನುಮತಿ ಇದೆ. ಹೋಗುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಹೊರಗೇ ಹೊಟ್ಟೆ ತುಂಬ ನೀರು ಕುಡಿದು ಒಳಗೆ ಹೋಗಿ. ದೊಡ್ಡ ಟ್ರಾಲಿ ಬ್ಯಾಗ್ ತರಲೇಬೇಡಿ. ಊರಿಗೆ ಹೊರಡುವ ದಿನ ಸೂಟ್‌ಕೇಸ್ ಸಮೇತ ಬರುವ ಯೋಚನೆ ಇದ್ದರೆ ಮೊದಲು ಅದನ್ನು ಹೋಟೆಲಿನಲ್ಲಿ ಬಿಟ್ಟು ಬನ್ನಿ.

ಕಾಲಿಗೆ ಮೆತ್ತನೆಯ ಶೂ ಇರಲಿ. ಉಳಿದದ್ದೆಲ್ಲ ಹೇಗಾದರೂ ನಡೆಯುತ್ತದೆ.

ಒಳಗಿನ ದಾರಿ

ಚಿತ್ರಗಳೆಲ್ಲ ಬಹುಮಟ್ಟಿಗೆ ಮೇಲಿನ ಅಂತಸ್ತಿನಲ್ಲಿವೆ. ಮೆಟ್ಟಿಲೂ ಇದೆ, ಲಿಫ್ಟೂ ಇದೆ. ಸೇನ್ಸ್‌ಬರಿ ವಿಂಗ್‌ನಲ್ಲಿ ಅತ್ಯಂತ ಹಳೆಯವು, ಅಂದರೆ 1500ಕ್ಕಿಂತ ಹಿಂದಿನವು. ಅಲ್ಲಿಂದ ಹಳೆಯ ಮುಖ್ಯ ಕಟ್ಟಡದೊಳಗೆ ನಡೆಯುತ್ತಾ ಹೋದಂತೆ ಕಾಲವೂ ಮುಂದಕ್ಕೆ ಹೋಗುತ್ತದೆ. ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಟರ್ನರ್, ಮೊನೆ, ವ್ಯಾನ್ ಗೋ ಎಂಬ 19ನೇ ಶತಮಾನದ ಕಲಾವಿದರು ಸಿಗುತ್ತಾರೆ. ಕೋಣೆಗಳು ಒಂದರೊಳಗೊಂದು ತೆರೆದುಕೊಳ್ಳುವುದರಿಂದ ದಾರಿ ತಪ್ಪುವುದು ಸಹಜ. ಬಾಗಿಲ ಮೇಲೆ ಕೋಣೆಯ ಸಂಖ್ಯೆ ಇರುತ್ತದೆ, ಅದನ್ನೇ ನೋಡಿಕೊಂಡು ನಡೆಯಿರಿ. ಕೋಣೆಗಳಲ್ಲಿ ಕೂತಿರುವ ಸಿಬ್ಬಂದಿಯನ್ನು ಕೇಳಲು ಸಂಕೋಚ ಬೇಡ. ಮುಂದೆ ಹೇಳುವ ಹೆಸರಾಂತ ಚಿತ್ರವೊಂದರ ಹೆಸರು ಹಿಡಿದು ‘ಅರ್ನಾಲ್ಫಿನಿ ಎಲ್ಲಿ’ ಅಂದರೆ ಸಾಕು, ಕೈ ತೋರಿಸುತ್ತಾರೆ.

ನಿಮ್ಮ ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿಕೊಳ್ಳಿ. ಹಾಗೆ ನೋಡಿದರೆ ಒಂದು ಬದಲಾವಣೆ ನಿಮ್ಮ ಕಣ್ಣೆದುರೇ ನಡೆಯುತ್ತದೆ. ಮೊದಲು ಚಿನ್ನದ ರೇಕಿನ ಹಿನ್ನೆಲೆ. ಆಮೇಲೆ ಆ ಚಿನ್ನದ ಜಾಗದಲ್ಲಿ ನಿಜವಾದ ಆಕಾಶ ಬರುತ್ತದೆ. ಆಮೇಲೆ ಆಕಾಶದಲ್ಲಿ ಹವಾಮಾನ ಬರುತ್ತದೆ. ಕೊನೆಗೆ ಮೊನೆ ಹೊತ್ತಿಗೆ ಬೆಳಕೇ ಚಿತ್ರದ ವಿಷಯವಾಗುತ್ತದೆ.

ಫೋಟೋ ತೆಗೆಯಬಹುದು, ಫ್ಲ್ಯಾಶ್ ಬೇಡ. ಸೆಲ್ಫಿ ಸ್ಟಿಕ್, ಟ್ರೈಪಾಡ್ ನಡೆಯುವುದಿಲ್ಲ. ಪೆನ್ಸಿಲಿನಲ್ಲಿ ಸ್ಕೆಚ್ ಮಾಡಬಹುದು. ನನ್ನನ್ನು ಕೇಳಿದರೆ, ಚಿತ್ರ ಬರೆಯಲು ಬಾರದವರೂ ಒಂದು ಪುಟ್ಟ ಪುಸ್ತಕ, ಪೆನ್ಸಿಲ್ ತರಲಿ. ಒಂದು ಕೈಬೆರಳನ್ನು ಬರೆಯಲು ಹೊರಟಾಗ ಅದನ್ನು ಎಷ್ಟು ಗಮನವಿಟ್ಟು ನೋಡುತ್ತೇವೋ, ಫೋಟೋ ತೆಗೆದಾಗ ಹಾಗೆ ನೋಡುವುದಿಲ್ಲ.

ಒಂದು ಚಿತ್ರದ ಮುಂದೆ ನಿಲ್ಲುವುದು

ಇದೇ ಎಲ್ಲಕ್ಕಿಂತ ಮುಖ್ಯ. ಚಿತ್ರದ ಪಕ್ಕದ ಫಲಕವನ್ನು ಮೊದಲೇ ಓದಬೇಡಿ. ಮೊದಲು ದೂರ ನಿಂತು ಇಡೀ ಚಿತ್ರ ನೋಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಆಮೇಲೆ ಹತ್ತಿರ ಹೋಗಿ ಬಣ್ಣ ಹಚ್ಚಿದ ರೀತಿ ನೋಡಿ. ಆಮೇಲೆ ಫಲಕ ಓದಿ. ಕೊನೆಗೆ ಮತ್ತೆ ದೂರ ಬಂದು ನೋಡಿ. ಹೀಗೆ ಮಾಡಿದರೆ ಐದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ಇದಕ್ಕೆ ಒಳ್ಳೆಯ ಪಾಠ ಯಾನ್ ವ್ಯಾನ್ ಐಕ್‌ನ ‘ಅರ್ನಾಲ್ಫಿನಿ ದಂಪತಿ’, 1434ರದು. ನಿಜಕ್ಕೂ ಚಿಕ್ಕ ಚಿತ್ರ, ಎತ್ತರ ಸುಮಾರು 82 ಸೆಂಟಿಮೀಟರ್. ಬ್ರೂಜ್ ಊರಿನಲ್ಲಿ ನೆಲೆಸಿದ್ದ ಇಟಲಿಯ ವ್ಯಾಪಾರಿ, ಅವನ ಹೆಂಡತಿ, ಒಂದು ಕೋಣೆ. ದೂರದಿಂದ ಹಸಿರು ಉಡುಪು ಕಾಣುತ್ತದೆ. ಆಕೆ ಬಸುರಿ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಭಾರಿ ಬಟ್ಟೆಯನ್ನು ಹೀಗೆ ಹೊಟ್ಟೆಯ ಮುಂದೆ ಎತ್ತಿ ಹಿಡಿಯುವುದು ಆಗಿನ ಫ್ಯಾಷನ್. ಅಷ್ಟೊಂದು ಬಟ್ಟೆ ಉಡುವುದೇ ಸಿರಿವಂತಿಕೆ ತೋರಿಸುವ ರೀತಿ. ಕಿಟಕಿಯ ಬಳಿ ಕಿತ್ತಳೆ ಹಣ್ಣುಗಳಿವೆ. ಉತ್ತರ ಯುರೋಪಿನಲ್ಲಿ ಆಗ ಕಿತ್ತಳೆ ದುಬಾರಿ. ಮೇಲಿನ ಹಿತ್ತಾಳೆ ತೂಗುದೀಪದಲ್ಲಿ ಹಗಲು ಹೊತ್ತಿನಲ್ಲೂ ಒಂದು ಮೇಣದ ಬತ್ತಿ ಉರಿಯುತ್ತಿದೆ. ಈಗ ಹಿಂದಿನ ಗೋಡೆಯ ಉಬ್ಬುಗನ್ನಡಿ ನೋಡಿ. ಅದರಲ್ಲಿ ಗಂಡ ಹೆಂಡತಿಯ ಬೆನ್ನು ಕಾಣುತ್ತದೆ. ಅವರಾಚೆ ಬಾಗಿಲಲ್ಲಿ ಇನ್ನೂ ಇಬ್ಬರು ನಿಂತಿದ್ದಾರೆ. ಅಂದರೆ ನಾವು ನಿಂತಿರುವ ಜಾಗದಲ್ಲಿ! ಕನ್ನಡಿಯ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆದಿದೆ: ‘ಯಾನ್ ವ್ಯಾನ್ ಐಕ್ ಇಲ್ಲಿದ್ದ, 1434’. ಸುಮಾರು ಆರು ನೂರು ವರ್ಷದ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಂಚದಲ್ಲಿ ಮಾಡಿದ ಕೆಲಸ ಇದು. ನಾಯಿಯ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತದೆ. ಈ ಒಂದು ಚಿತ್ರಕ್ಕೆ ಕಾಲು ಗಂಟೆ ಕೊಡಿ ಅಂತ ನಾನು ಒತ್ತಾಯ ಮಾಡಿ ಹೇಳುತ್ತೇನೆ.

ಇದಕ್ಕೆ ತದ್ವಿರುದ್ಧ ಹಾನ್ಸ್ ಹೋಲ್ಬೈನ್‌ನ ‘ರಾಯಭಾರಿಗಳು’, 1533. ಎರಡು ಮೀಟರಿಗೂ ಜಾಸ್ತಿ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ. ಫ್ರಾನ್ಸಿನ ಇಬ್ಬರು ಯುವಕರು, ನಡುವೆ ಗೋಳಗಳು, ಗಡಿಯಾರಗಳು, ಪುಸ್ತಕ, ತಂತಿ ಹರಿದ ಲ್ಯೂಟ್ ವಾದ್ಯ. ಎಡಗಡೆಯವನ ಕಠಾರಿಯ ಒರೆಯ ಮೇಲೆ ಅವನ ವಯಸ್ಸು 29 ಅಂತ ಇದೆ. ಬಲಗಡೆಯವನ ಮೊಣಕೈ ಕೆಳಗಿನ ಪುಸ್ತಕದ ಮೇಲೆ 25 ಅಂತ ಇದೆ. ಕಾಲ ಬುಡದಲ್ಲಿ ಓರೆಯಾಗಿ ಎಳೆದ ಏನೋ ಒಂದು ಆಕಾರ. ನೇರ ನಿಂತರೆ ಏನೂ ಅರ್ಥವಾಗದು. ಚಿತ್ರದ ಬಲಗಡೆಗೆ ಹೋಗಿ, ಗೋಡೆಯ ಹತ್ತಿರ ನಿಂತು ಓರೆಯಾಗಿ ನೋಡಿ. ಅದು ತಲೆಬುರುಡೆ. ಎಷ್ಟೇ ಜನ ಇದ್ದರೂ ಆ ಬಲತುದಿಗೆ ಹೋಗದೆ ಬರಬೇಡಿ. ಯಾವ ಪುಸ್ತಕದಲ್ಲೂ, ಯಾವ ಮೊಬೈಲಿನಲ್ಲೂ ಈ ಅನುಭವ ಸಿಗದು, ಅಲ್ಲೇ ನಿಂತು ನೋಡಬೇಕು. ಹಾಗೇ ಎಡಗಡೆ ಮೇಲ್ತುದಿಯಲ್ಲಿ ಹಸಿರು ಪರದೆಯ ಹಿಂದೆ ಅರ್ಧ ಅಡಗಿರುವ ಶಿಲುಬೆಯನ್ನೂ ಹುಡುಕಿ.

ಫಲಕದಲ್ಲಿ ಕೆಲವು ಸಣ್ಣ ವಿವರಗಳಿರುತ್ತವೆ. ತೈಲವರ್ಣ ಕ್ಯಾನ್ವಾಸಿನ ಮೇಲೋ ಮರದ ಹಲಗೆಯ ಮೇಲೋ ಅಂತ ಬರೆದಿರುತ್ತದೆ. ಚಿತ್ರ ಇಲ್ಲಿಗೆ ಹೇಗೆ ಬಂತು, ಕೊಂಡದ್ದೋ, ದಾನವೋ, ಉಯಿಲಿನಲ್ಲಿ ಬಂದದ್ದೋ ಅಂತಲೂ ಇರುತ್ತದೆ. ಎನ್‌ಜಿ ಅಂತ ಶುರುವಾಗುವ ಸಂಖ್ಯೆ ಗ್ಯಾಲರಿಯ ದಾಖಲೆ ಸಂಖ್ಯೆ. ಎನ್‌ಜಿ 1 ಸೆಬಾಸ್ಟಿಯಾನೊ ಡೆಲ್ ಪಿಯೊಂಬೊನ ‘ಲಾಜರಸ್ ಎದ್ದು ಬಂದದ್ದು’ ಎಂಬ ಭಾರಿ ಚಿತ್ರ. 1824ರಲ್ಲಿ ಬ್ರಿಟಿಷ್ ಸರ್ಕಾರ ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಎಂಬ ಸಿರಿವಂತನ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡಿತು. ಅಲ್ಲಿಂದ ಈ ಗ್ಯಾಲರಿ ಶುರು. ಯುರೋಪಿನ ಬೇರೆ ದೊಡ್ಡ ಗ್ಯಾಲರಿಗಳು ಹಲವು ರಾಜಮನೆತನದ ಸಂಗ್ರಹದಿಂದ ಹುಟ್ಟಿದವು. ಇದು ಹಾಗಲ್ಲ, ಮೊದಲ ದಿನದಿಂದಲೂ ಸಾರ್ವಜನಿಕರದ್ದು.

ಕಥೆ ಗೊತ್ತಿಲ್ಲ ಅಂದರೆ

ಹಳೆಯ ಚಿತ್ರಗಳಲ್ಲಿ ಬೈಬಲ್ ಕಥೆಗಳು, ಸಂತರ ಕಥೆಗಳು ಜಾಸ್ತಿ. ಅವನ್ನು ಓದಿಲ್ಲ ಅಂತ ಹಿಂಜರಿಯಬೇಡಿ. ಕೊಳಲು ಕಂಡರೆ ಕೃಷ್ಣ, ಡಮರು ಕಂಡರೆ ಶಿವ ಅಂತ ನಾವು ಗುರುತಿಸುತ್ತೇವೆ ಅಲ್ವಾ? ಅಲ್ಲೂ ಹಾಗೇ. ಬೀಗದ ಕೈ ಹಿಡಿದವನು ಸಂತ ಪೀಟರ್. ಮುಳ್ಳಿನ ಚಕ್ರದ ಪಕ್ಕ ನಿಂತವಳು ಸಂತ ಕ್ಯಾಥರಿನ್. ಜೊತೆಗೆ ಸಿಂಹ ಇದ್ದರೆ ಸಂತ ಜೆರೋಮ್. ಮೈಗೆಲ್ಲ ಬಾಣ ಚುಚ್ಚಿದ್ದರೆ ಸೆಬಾಸ್ಟಿಯನ್. ಒಂಟೆ ಚರ್ಮ ಉಟ್ಟು ಜೊಂಡಿನ ಶಿಲುಬೆ ಹಿಡಿದವನು ಸ್ನಾನಿಕ ಯೋಹಾನ. ರೆಕ್ಕೆಯ ದೇವದೂತ ಲಿಲಿ ಹೂವು ಹಿಡಿದು ಹೆಣ್ಣೊಬ್ಬಳ ಮುಂದೆ ಬಂದಿದ್ದರೆ, ಅದು ಮೇರಿಗೆ ಮಗು ಹುಟ್ಟುವ ಸುದ್ದಿ ಹೇಳುವ ಸನ್ನಿವೇಶ. ಇಷ್ಟು ಗೊತ್ತಿದ್ದರೆ ಅರ್ಧ ಸೇನ್ಸ್‌ಬರಿ ವಿಂಗ್ ನಿಮಗೆ ಗುರುತು ಸಿಗುತ್ತದೆ.

ಮೇರಿಯ ಮೇಲುಹೊದಿಕೆ ಹೆಚ್ಚಾಗಿ ನೀಲಿ. ಆಗಿನ ಅತ್ಯುತ್ತಮ ನೀಲಿ ಬಣ್ಣ ಅಫ್ಘಾನಿಸ್ತಾನದ ಗಣಿಯ ಕಲ್ಲನ್ನು ಅರೆದು ಮಾಡಿದ್ದು. ಬಹಳ ದುಬಾರಿ. ಆದ್ದರಿಂದ ಯಾರಿಗೆ ಆ ನೀಲಿ ಹಚ್ಚಿದ್ದಾರೆ ಅನ್ನುವುದೇ ಗೌರವದ ಲೆಕ್ಕ. ‘ವಿಲ್ಟನ್ ಡಿಪ್ಟಿಕ್’ ಎಂಬ ಎರಡು ಮಡಿಕೆಯ ಪುಟ್ಟ ಚಿತ್ರದಲ್ಲಿ ಹನ್ನೊಂದು ದೇವದೂತರಿಗೂ ಆ ನೀಲಿಯನ್ನೇ ಉಡಿಸಿದ್ದಾರೆ. ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್ ತನ್ನ ಪ್ರಾರ್ಥನೆಗೆ 1390ರ ದಶಕದ ಕೊನೆಯಲ್ಲಿ ಮಾಡಿಸಿಕೊಂಡದ್ದು. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬುಕೆಲಸದ ಮೇಲೆ ಚಿನ್ನದ ರೇಕು ಅಂಟಿಸಿದ್ದನ್ನು ಹತ್ತಿರದಿಂದ ನೋಡಿದವರು ಇದರ ಮುಂದೆ ಖಂಡಿತ ನಿಲ್ಲಬೇಕು. ಇಲ್ಲಿ ಚಿನ್ನದ ಮೇಲೆ ಸಣ್ಣ ಸಣ್ಣ ಚುಕ್ಕೆ ಒತ್ತಿ ವಿನ್ಯಾಸ ಮಾಡಿದ್ದಾರೆ. ಸ್ವಲ್ಪ ಬಗ್ಗಿ, ಆಚೀಚೆ ಸರಿದು ನೋಡಿದರೆ ಬೆಳಕು ಆ ಚುಕ್ಕೆಗಳ ಮೇಲೆ ಓಡಾಡುತ್ತದೆ. ಬಾವುಟದ ಕಂಬದ ತುದಿಯಲ್ಲಿ ಒಂದು ಪುಟ್ಟ ಗೋಳ ಇದೆ. 1992ರಲ್ಲಿ ಅದನ್ನು ಶುಚಿ ಮಾಡಿದಾಗ ಒಳಗೆ ಒಂದು ದ್ವೀಪ, ಮೇಲೊಂದು ಬಿಳಿ ಕೋಟೆ ಕಂಡಿತು. ಇಡೀ ಗೋಳ ಒಂದು ಸೆಂಟಿಮೀಟರ್ ಅಷ್ಟೇ. ಹಿಂಭಾಗದಲ್ಲೂ ಚಿತ್ರ ಇದೆ, ಬಿಳಿ ಜಿಂಕೆ. ಸುತ್ತು ಬಂದು ನೋಡಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗ್ರೀಕ್, ರೋಮನ್ ಪುರಾಣದ ಚಿತ್ರಗಳಲ್ಲಿ ಬೆತ್ತಲೆ ಮೈಗಳು ಸಾಕಷ್ಟಿವೆ. ಅತ್ತೆ ಮಾವ, ಮಕ್ಕಳ ಜೊತೆ ಹೋದಾಗ ಕೆಲವರಿಗೆ ಇರಿಸುಮುರಿಸಾಗುತ್ತದೆ. ಮೊದಲೇ ಅವರಿಗೊಂದು ಮಾತು ಹೇಳಿ. ಬೇಲೂರು ಹಳೇಬೀಡು ನೋಡಿದ ಹಿರಿಯರಿಗೆ ಇದೇನೂ ಹೊಸದಲ್ಲ.

ಪಟ್ಟಿಗೆ ನನ್ನ ಸೇರ್ಪಡೆಗಳು

ರೆಂಬ್ರಾಂಟ್ ತನ್ನನ್ನೇ ಬರೆದುಕೊಂಡ ಎರಡು ಚಿತ್ರ ಇಲ್ಲಿವೆ. ಒಂದು 34ರ ವಯಸ್ಸಿನದು, 1640. ಆಗ ಅವನು ಆಮ್ಸ್ಟರ್‌ಡ್ಯಾಮಿನಲ್ಲಿ ಹೆಸರು, ದುಡ್ಡು ಎರಡೂ ಮಾಡಿದ್ದ. ಕಟಕಟೆಯ ಮೇಲೆ ಕೈಯೂರಿ ಠೀವಿಯಿಂದ ನೋಡುತ್ತಾನೆ. ಇನ್ನೊಂದು 63ರದು, 1669. ಅದೇ ವರ್ಷ ತೀರಿಕೊಂಡ. ನಡುವೆ ದಿವಾಳಿಯಾಗಿದ್ದ, ಮನೆ ಮಾರಿದ್ದ, ಮಗನನ್ನು ಕಳೆದುಕೊಂಡಿದ್ದ. ಮೊದಲ ಚಿತ್ರದ ನಯವಾದ ಬಣ್ಣವನ್ನೂ ಎರಡನೆಯದರ ಒರಟು ಬಣ್ಣವನ್ನೂ ಹೋಲಿಸಿ. ಕೊನೆಯ ಚಿತ್ರದಲ್ಲಿ ಹಣೆಯ ಮೇಲೆ ಬಣ್ಣ ದಪ್ಪಗೆ ಕೂತಿದೆ. ನನಗೆ ಇಡೀ ಗ್ಯಾಲರಿಯಲ್ಲಿ ಇದಕ್ಕಿಂತ ಹತ್ತಿರದ ಮುಖ ಇಲ್ಲ. ಮೊದಲ ಚಿತ್ರದ ಭಂಗಿಯನ್ನು ಅವನು ಟಿಶಿಯನ್‌ನಿಂದ ಕಲಿತ. ನೀಲಿ ತೋಳಿನ ಗಂಡಸಿನ ಆ ಟಿಶಿಯನ್ ಚಿತ್ರವೂ ಇದೇ ಗ್ಯಾಲರಿಯಲ್ಲಿದೆ. ಮೂರನ್ನೂ ಪಟ್ಟಿಗೆ ಸೇರಿಸಿ.

ಕರವಾಜಿಯೊನ ‘ಎಮ್ಮಾವುಸ್‌ನ ಊಟ’, 1601. ಸತ್ತು ಎದ್ದು ಬಂದ ಯೇಸುವನ್ನು ಶಿಷ್ಯರು ಗುರುತಿಸಿದ ಗಳಿಗೆ. ಒಬ್ಬನ ಮೊಣಕೈ, ಇನ್ನೊಬ್ಬನ ಚಾಚಿದ ಕೈ ಚಿತ್ರದಿಂದ ಹೊರಗೆ ಬಂದ ಹಾಗಿವೆ. ಮೇಜಿನ ಅಂಚಿನಲ್ಲಿ ಹಣ್ಣಿನ ಬುಟ್ಟಿ ಬೀಳುವಂತಿದೆ. ಹಿಡಿಯಲು ಕೈ ಚಾಚಬೇಕು ಅನಿಸುತ್ತದೆ, ಆದರೆ ದಯವಿಟ್ಟು ಚಾಚಬೇಡಿ!

ಟರ್ನರ್‌ನ ‘ಫೈಟಿಂಗ್ ಟೆಮರೇರ್’, 1839. ನಿಮ್ಮ ಜೇಬಿನಲ್ಲಿ 20 ಪೌಂಡಿನ ನೋಟಿದ್ದರೆ ತೆಗೆದು ನೋಡಿ. 2020ರಿಂದ ಬಂದ ನೋಟಿನ ಮೇಲೆ ಟರ್ನರ್ ಇದ್ದಾನೆ, ಹಿಂದೆ ಇದೇ ಹಡಗು. 1805ರ ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ ಹಡಗನ್ನು 1838ರಲ್ಲಿ ಒಡೆದು ಮಾರಲು ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದಾರೆ. ಎಳೆಯುವುದು ಹೊಗೆಯುಗುಳುವ ಪುಟ್ಟ ಕಪ್ಪು ಉಗಿದೋಣಿ. ನಿಜದಲ್ಲಿ ಹಡಗಿನ ಕಂಬಗಳನ್ನು ಆಗಲೇ ಕಿತ್ತಿದ್ದರು. ಟರ್ನರ್ ಅವನ್ನು ಮತ್ತೆ ನಿಲ್ಲಿಸಿದ. ಹೊರಗಿನ ಚೌಕಕ್ಕೆ ಹೆಸರು ಬಂದದ್ದೂ ಅದೇ ಕದನದಿಂದ. ಎತ್ತರದ ಕಂಬದ ಮೇಲೆ ನಿಂತಿರುವ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಸತ್ತದ್ದೂ ಆ ಕದನದಲ್ಲೇ. ಟರ್ನರ್ ತನ್ನ ಎರಡು ಚಿತ್ರಗಳನ್ನು ಫ್ರೆಂಚ್ ಕಲಾವಿದ ಕ್ಲೋಡ್‌ನ ಚಿತ್ರಗಳ ಪಕ್ಕ ತೂಗುಹಾಕಬೇಕು ಅಂತ ಉಯಿಲಿನಲ್ಲಿ ಬರೆದಿದ್ದ. ಸಿಕ್ಕರೆ ಆ ನಾಲ್ಕನ್ನೂ ಒಟ್ಟಿಗೆ ನೋಡಿ. ಗುರುವಿನ ಎದುರು ನಿಂತ ಶಿಷ್ಯನ ಛಲ ಅಲ್ಲಿ ಕಾಣುತ್ತದೆ.

‘ಸೂರ್ಯಕಾಂತಿ’ಯ ಮುಂದೆ ಯಾವಾಗಲೂ ಗುಂಪು. ಆತುರ ಬೇಡ. ಒಂದು ಗುಂಪು ಬಂದು ಫೋಟೋ ತೆಗೆದು ಹೋಗುತ್ತದೆ, ಮುಂದಿನದು ಬರುವ ಮುಂಚೆ ಒಂದೆರಡು ನಿಮಿಷ ಬಿಡುವು ಸಿಗುತ್ತದೆ. ಆಗ ಹತ್ತಿರ ಹೋಗಿ. ಹಳದಿಯ ಮೇಲೆ ಹಳದಿ ಇಟ್ಟಿದ್ದಾನೆ, ಬೀಜದ ಭಾಗದಲ್ಲಿ ಬಣ್ಣ ಗಂಟುಗಂಟಾಗಿದೆ. 1888ರಲ್ಲಿ ಆರ್ಲ್ ಊರಿನಲ್ಲಿ, ಸ್ನೇಹಿತ ಗೋಗ್ಯಾಂ ಬರುತ್ತಾನೆ ಅಂತ ಅವನ ಕೋಣೆ ಸಿಂಗರಿಸಲು ಬರೆದದ್ದು.

ಮಕ್ಕಳು ಜೊತೆಗಿದ್ದರೆ

ಮಕ್ಕಳಿಗೆ ಪಾಠ ಹೇಳಬೇಡಿ, ಹುಡುಕಲು ಕೊಡಿ. ಮೇರಿಗೆ ದೇವದೂತ ಸುದ್ದಿ ಹೇಳುವ, ಇಟಲಿಯ ಕ್ರಿವೆಲ್ಲಿಯ 1486ರ ಚಿತ್ರದಲ್ಲಿ ಕೆಳಗಿನ ಅಂಚಿನಲ್ಲಿ ಒಂದು ಸೌತೆಕಾಯಿ ಚಿತ್ರದಿಂದಾಚೆ ಬಂದಿದೆ. ಜೊತೆಗೆ ನವಿಲೂ ಇದೆ. ‘ಸೌತೆಕಾಯಿ ಎಲ್ಲಿದೆ’ ಅಂತ ಕೇಳಿದರೆ ಸಾಕು, ಇಡೀ ಚಿತ್ರ ಜಾಲಾಡುತ್ತಾರೆ. ಸ್ಟಬ್ಸ್‌ನ ‘ವಿಸ್ಲ್‌ಜ್ಯಾಕೆಟ್’ ನಿಜಗಾತ್ರದ ಕುದುರೆ, ಹಿನ್ನೆಲೆಯೇ ಇಲ್ಲ. ಹುಲಿಯಿರುವ ಕಾಡನ್ನೇ ನೋಡದ ಫ್ರೆಂಚ್ ಕಲಾವಿದ ರೂಸೋ ಬರೆದ, ಬಿರುಗಾಳಿಯಲ್ಲಿ ಸಿಕ್ಕ ಹುಲಿ ಇನ್ನೊಂದು. ಮೂರು ಚಿತ್ರ ಆದ ಮೇಲೆ ಕೇಕ್ ತಿನ್ನಿಸಲು ಕರೆದುಕೊಂಡು ಹೋಗಿ. ಕೋಣೆಗಳಲ್ಲಿ ತಿನ್ನುವಂತಿಲ್ಲ, ಒಳಗೇ ಕೆಫೆ ಇದೆ. ಹಿರಿಯರಿಗೆ ಹಲವು ಕೋಣೆಗಳಲ್ಲಿ ಕೂರುವ ಬೆಂಚುಗಳಿವೆ. ಅವರನ್ನು ಒಂದು ಒಳ್ಳೆಯ ಚಿತ್ರದ ಮುಂದೆ ಕೂರಿಸಿ ನೀವು ಸುತ್ತಿ ಬನ್ನಿ.

ಹೊರಬಂದ ಮೇಲೆ

ಎರಡು ಗಂಟೆ ಆದ ಮೇಲೆ ನಿಲ್ಲಿಸಿ. ಪಟ್ಟಿಯಲ್ಲಿ ಎರಡು ಚಿತ್ರ ಉಳಿದಿದ್ದರೂ ಸರಿ. ಟಿಕೆಟ್ ಇಲ್ಲದ ಗ್ಯಾಲರಿ, ನಾಳೆ ಮತ್ತೆ ಬರಬಹುದು, ಅರ್ಧ ಗಂಟೆಗೂ ಬರಬಹುದು.

ಕಾಲಲ್ಲಿ ಶಕ್ತಿ ಇದ್ದರೆ ಒಂದು ಒಳ್ಳೆಯ ನಡಿಗೆ ಹೇಳುತ್ತೇನೆ. ಗ್ಯಾಲರಿಯಲ್ಲಿ ಮೊನೆಯ ‘ವೆಸ್ಟ್‌ಮಿನ್ಸ್ಟರ್ ಬಳಿಯ ಥೇಮ್ಸ್’ ನೋಡಿಕೊಳ್ಳಿ, ಸುಮಾರು 1871ರದು. ಮಂಜಿನಲ್ಲಿ ಪಾರ್ಲಿಮೆಂಟ್ ಕಟ್ಟಡ ಇದೆ. ಆಮೇಲೆ ನದಿ ದಂಡೆಗೆ ಇಳಿದು ಅದೇ ನೋಟವನ್ನು ನಿಮ್ಮ ಕಣ್ಣಲ್ಲಿ ನೋಡಿ. ದಂಡೆಯಲ್ಲೇ ದಕ್ಷಿಣಕ್ಕೆ ನಡೆದು ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದರು. ಮತ್ತೆ ಸೇತುವೆ ದಾಟಿ ಬಂದರೆ ಸ್ವಲ್ಪ ದೂರದಲ್ಲೇ ಟೇಟ್ ಬ್ರಿಟನ್ ಎಂಬ ಇನ್ನೊಂದು ಚಿತ್ರಕಲಾ ಗ್ಯಾಲರಿ. ಟರ್ನರ್ ದೇಶಕ್ಕೆ ಬಿಟ್ಟುಹೋದ ಚಿತ್ರಗಳ ದೊಡ್ಡ ಪಾಲು ಅಲ್ಲಿದೆ. ಅದಕ್ಕೂ ಟಿಕೆಟ್ ಇಲ್ಲ, ಆದರೆ ಸಂಜೆ 6ಕ್ಕೆ ಮುಚ್ಚುತ್ತದೆ. ಆದ್ದರಿಂದ ಈ ನಡಿಗೆ ಮಾಡುವವರು ನ್ಯಾಷನಲ್ ಗ್ಯಾಲರಿಗೆ ಬೆಳಿಗ್ಗೆಯೇ ಹೋಗಿ.